ಅಣ್ಣ ಕೊಡದ ದಾನ

ನಗೆಗಾರ ಅಣ್ಣನಿಗೆ,

ನನ್ನ ಕರುಳಿನ ಸೋಂಕು ಮತ್ತೆ ಮರುಕಳಿಸಿದೆ. ಆರೋಗ್ಯವಂತರ ಮಲದಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾವನ್ನು ನನ್ನೊಳಗೆ ಸೇರಿಸುವುದೊಂದೇ ದಾರಿ ಎಂದರು ಡಾಕ್ಟರು. ಅವು ಹಾರ್ಮೋನುಗಳ ಮೂಲಕ ಮನಸ್ಸಿಗೂ ಚಾಡಿ ಹೇಳುತ್ತವಂತೆ. ಖಚಿತವಿಲ್ಲ, ಆದರೆ ನನ್ನ ಅಳುವೂ ತಗ್ಗಬಹುದಂತೆ.

ಅದಕ್ಕೇ ನಿನ್ನನ್ನು ಕೇಳಿದೆ. "ಥೂ, ಮಾನ ಮರ್ಯಾದೆ ಇಲ್ವೇನೇ? ನನ್ನ ಖುಷಿಯೆಲ್ಲ ನಿಂಗೆ ಹೋಗ್ಬಿಟ್ರೆ?" ಎಂದು ನೀನು ಫೋನಿಟ್ಟೆ. ಎಂಜಲು ಕೈಯಲ್ಲಿ ಕಾಗೆ ಓಡಿಸದವರನ್ನು ಕಂಡಿದ್ದೆ; ದಿನವೂ ನೀರು ಹೊಯ್ದು ಕಳೆಯುವ ವಸ್ತುವಿಗೂ ಲೋಭ ಮಾಡುವವನನ್ನು ಕಂಡಿರಲಿಲ್ಲ.

ನಾನು ಸದಾ ಜಗಳವಾಡುವ ಕೆಳಮನೆಯ ದರ್ಜಿ ದಾನಿಯಾಗುವ ಪರೀಕ್ಷೆಗಳಲ್ಲೆಲ್ಲ ಪಾಸಾಗಿದ್ದಾನೆ. "ತಗೊಳ್ಳಿ ಅಕ್ಕಾ, ಹೇಗೂ ಸುಮ್ನೆ ಹೋಗ್ತಿತ್ತು" ಎಂದ. ಸೋಮವಾರ ಚಿಕಿತ್ಸೆ. ನೀನು ಬರುವುದು ಬೇಡ. ಒಂದೇ ಕೋರಿಕೆ: ಬದುಕುಳಿದು ನಾನೂ ಒಂದು ದಿನ ನಕ್ಕರೆ, "ಅದು ನಮ್ಮ ಮನೆತನದ ನಗು" ಎಂದು ನೆಂಟರೆದುರು ಹೇಳಿಕೊಳ್ಳಬೇಡ.

ಇಂತಿ ನೀನೇ ಹೆಸರಿಟ್ಟ,
ಅಳುಮುಂಜಿ ತಂಗಿ