ಎಚ್ಚರಿಕೆಗೆ ಮೊದಲಿನ ಒಂದೂವರೆ ಗಂಟೆ

ವಾಯು ಗುಣಮಟ್ಟ ಕಾಯುವ ಮಾನ್ಯರೇ,

ಕಳೆದ ಏಪ್ರಿಲ್‌ನಲ್ಲಿ ನಿಮ್ಮ ಓಝೋನ್ ಎಚ್ಚರಿಕೆ ಹೊರಬಿದ್ದದ್ದು ಸಂಜೆ ನಾಲ್ಕಕ್ಕೆ. ನನ್ನ ಗಂಡ ಕುಸಿದದ್ದು ಎರಡೂವರೆಗೆ. ನಡುವಿನ ಒಂದೂವರೆ ಗಂಟೆ ತಾವು ಏನನ್ನು ಕಾಯುತ್ತಿದ್ದಿರಿ?

ಮೆಕ್ಸಿಕೋ ನಗರದ ದಕ್ಷಿಣದ ಗುಡ್ಡದ ಬಡಾವಣೆಯಲ್ಲಿ ನಾನು ಇಪ್ಪತ್ತೆಂಟು ವರ್ಷದಿಂದ ದಾದಿ. ನಿಮ್ಮ ವರದಿಯ ನಕ್ಷೆಯಲ್ಲಿ ಮಾಲಿನ್ಯದ ಗೆರೆ ಕೆಳಗಿಳಿದಿದೆ ಎಂಬುದನ್ನು ಒಪ್ಪುತ್ತೇನೆ. ನಾನು ಕೆಲಸಕ್ಕೆ ಸೇರಿದಾಗಿನ ಗಾಳಿ ಇನ್ನೂ ಕೆಟ್ಟದಾಗಿತ್ತು. ಆದರೆ ಇಳಿದ ಗೆರೆ ಎಷ್ಟೋ ವರ್ಷಗಳಿಂದ ಮತ್ತೆ ಇಳಿಯದೆ ಅಲ್ಲೇ ಮಲಗಿದೆಯಲ್ಲ, ಅದನ್ನು ಯಾವ ಸಭೆಯಲ್ಲಿ ತೋರಿಸಿದ್ದೀರಿ? ವಾಹನಗಳ ಹೊಗೆ ಬಿಸಿಲಲ್ಲಿ ಬೆಂದು ಓಝೋನ್ ಆಗಿ, ಗಾಳಿಯ ಜೊತೆ ನಮ್ಮ ಗುಡ್ಡಕ್ಕೆ ಬರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ. ಪ್ರತಿ ವಸಂತದಲ್ಲೂ ಎಂದೂ ಸಿಗರೇಟು ಮುಟ್ಟದವರು ಏದುಸಿರು ಬಿಡುತ್ತಾ ನಮ್ಮ ಚಿಕಿತ್ಸಾಲಯಕ್ಕೆ ಬರುತ್ತಾರೆ.

ನನ್ನ ಗಂಡ ಕ್ರಿಸೋಫೊರೊ ಅಂಚೆಯವನು. ಆ ವಾರವೆಲ್ಲ ಎದೆ ಬಿಗಿಯುತ್ತಿದ್ದುದರಿಂದ, ಮೆಟ್ಟಿಲು ಹತ್ತುವ ಬೀದಿಗಳನ್ನು ಬೆಳಿಗ್ಗೆಯೇ ಮುಗಿಸುತ್ತೇನೆಂದು ಮೇಲ್ವಿಚಾರಕರನ್ನು ಕೇಳಿಕೊಂಡಿದ್ದ. ಅವರು ಕಿಟಕಿಯತ್ತ ಕೈ ತೋರಿಸಿದರಂತೆ.

"ಆಕಾಶ ನೋಡಯ್ಯ, ತೊಳೆದಿಟ್ಟ ಹಾಗಿದೆ. ಮೇಲಿನವರೇ ಎಚ್ಚರಿಕೆ ಕೊಟ್ಟಿಲ್ಲ ಅಂದ್ಮೇಲೆ ಪಾಳಿ ಬದಲಾಯಿಸೋಕೆ ನಾನ್ಯಾರು?"

ಅವರನ್ನು ದೂರುವುದಿಲ್ಲ. ಅವರು ನಂಬಿದ್ದು ನಿಮ್ಮನ್ನು.

ಯಾರೋ ಅಂಚೆಯವರು ಬಿದ್ದಿದ್ದಾರೆಂದು ಕರೆ ಬಂದಾಗ ಔಷಧದ ಚೀಲ ಹಿಡಿದು ಓಡಿದೆ. ಜೋಳದ ತ್ಲಾಕೊಯೊ ರೊಟ್ಟಿ ಸುಟ್ಟು ಮಾರುವ ಫಿದೆನ್ಸಿಯಾ ಅಜ್ಜಿ ಕ್ರಿಸೋಫೊರೊನನ್ನು ತನ್ನ ಕೊಡೆಯ ನೆರಳಿಗೆ ಕೂರಿಸಿ, ಬೆನ್ನು ನೀವುತ್ತಿದ್ದಳು. "ಮಾತಾಡ್ಬೇಡ ಕಣಪ್ಪಾ, ಉಸಿರಾಡು ಸಾಕು," ಎನ್ನುತ್ತಿದ್ದಳು. ಅವನ ತುಟಿ ನೀಲಿಗಟ್ಟಿತ್ತು. ಎಷ್ಟೋ ಜನರ ಮೂಗಿಗೆ ಹಿಡಿದ ಔಷಧವನ್ನು ಅಂದು ಅವನ ಮೂಗಿಗೆ ಹಿಡಿದೆ. ಅವನು ನನ್ನನ್ನು ಗುರುತಿಸಿ ಹೇಳಿದ್ದು ಒಂದೇ ಮಾತು:

"ಇನ್ನೂ ಹದಿನಾಲ್ಕು ಮನೆ ಇತ್ತು ಕಣೇ."

ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ. ಇನ್ನು ಮೆಟ್ಟಿಲು ಹತ್ತುವಂತಿಲ್ಲ. ಕಚೇರಿಯಲ್ಲಿ ಕೂತು ಲಕೋಟೆಗೆ ಮುದ್ರೆ ಒತ್ತುತ್ತಾನೆ. ಅವನ ಬೀದಿಗಳನ್ನು ಈಗ ರೆಮೆದಿಯೋಸ್ ಎಂಬ ಹೆಣ್ಣುಮಗಳು ಹತ್ತುತ್ತಾಳೆ, ಅದೇ ನಡು ಮಧ್ಯಾಹ್ನ. ಮೊನ್ನೆ ಅವಳು ಕೆಮ್ಮುತ್ತಾ ನನ್ನ ಮುಂದೆ ಬಂದು ಕೂತಳು. ಅದಕ್ಕೇ ಈ ಪತ್ರ.

ಬರೆದದ್ದನ್ನು ಓದಿ ಕ್ರಿಸೋಫೊರೊ, ಬೈಗುಳ ಹೆಚ್ಚಾಯಿತು, ಬೇಕಾದದ್ದನ್ನು ಮಾತ್ರ ಕೇಳು ಎಂದ. ಕೇಳುತ್ತಿದ್ದೇನೆ: ನಾಳಿನ ಗಾಳಿ ಹೇಗಿರುತ್ತದೆಂದು ನಿಮ್ಮ ತಜ್ಞರಿಗೆ ಹಿಂದಿನ ದಿನವೇ ಅಂದಾಜಿರುತ್ತದೆ. ಅದನ್ನು ಬೆಳಿಗ್ಗೆ ಏಳಕ್ಕೆ, ರೆಮೆದಿಯೋಸ್ ಚೀಲ ಹೆಗಲಿಗೇರಿಸುವ ಮುಂಚೆ, ಹೇಳಿ. ಹೊರಗೆ ದುಡಿಯುವವರ ಪಾಳಿ ಆ ದಿನ ತಾನಾಗಿಯೇ ಬದಲಾಗಲೆಂದು ಆದೇಶ ಹೊರಡಿಸಿ.

ಇಂತಿ,
ಕಿಟಕಿ ಮುಚ್ಚಿ ಇದನ್ನು ಬರೆದ,
ಎನೆದಿನಾ, ದಾದಿ