ಮಂಗನ ಕಾಯಿಲೆಯ ತಜ್ಞರು

ಮಾನ್ಯ ನಿರೂಪಕರಿಗೆ,

ಕವಲೇದುರ್ಗದ ಕೆಳಗಿನ ಊರಿನಿಂದ ಆಶಾ ಕಾರ್ಯಕರ್ತೆ ಶ್ಯಾಮಲಾ ಬರೆಯುವುದು.

ಮಂಗನ ಕಾಯಿಲೆಯ ಬಗ್ಗೆ ಕಳೆದ ತಿಂಗಳು ನೀವು ಟೀವಿಯಲ್ಲಿ ನಡೆಸಿದ ಚರ್ಚೆಗೆ ಫೋನಿನಲ್ಲಿ ನನ್ನನ್ನೂ ಸೇರಿಸಿಕೊಂಡಿದ್ದಿರಿ. ನೆಟ್‌ವರ್ಕ್ ಸಿಗಲೆಂದು ನಾನು ಗುಡ್ಡದ ಮೇಲೆ ಒಂದೂವರೆ ಗಂಟೆ ನಿಂತಿದ್ದೆ. ಅಷ್ಟು ಹೊತ್ತೂ ನಿಮ್ಮ ನಾಲ್ವರು ತಜ್ಞರು ಯಾವ ಸರ್ಕಾರದ ಕಾಲದಲ್ಲಿ ಮಂಗಗಳು ಹೆಚ್ಚು ಸತ್ತವು ಎಂದು ಕೂಗಾಡಿದರು. ಸತ್ತ ಮಂಗವನ್ನು ಅವರಲ್ಲಿ ಯಾರೂ ಕಂಡಂತಿರಲಿಲ್ಲ. ಕೊನೆಗೆ ನನ್ನ ಸರದಿ ಬಂತು. “ಜ್ವರ ಬಂದ್ರೆ ಕಾಯ್ಬೇಡಿ, ಅವತ್ತೇ ಆಸ್ಪತ್ರೆಗೆ...” ಎನ್ನುವಷ್ಟರಲ್ಲಿ ಒಬ್ಬ ತಜ್ಞರು ನಕ್ಕರು. “ಇದೆಲ್ಲ ಹೆದರಿಸೋ ರಾಜಕೀಯ. ಎರಡು ದಿನ ಮಲಗಿದ್ರೆ ಹೋಗೋ ಜ್ವರ” ಎಂದರು. ನೀವು ಜಾಹೀರಾತಿಗೆ ಹೋದಿರಿ.

ನಮ್ಮೂರಿನ ರಾಜು ಅದನ್ನು ನೋಡಿದ್ದ. ಕಾಡಿಗೆ ಸೊಪ್ಪು ತರಲು ಹೋಗಿ ಉಣ್ಣೆ ಕಚ್ಚಿಸಿಕೊಂಡು ಬಂದವನಿಗೆ ಮರುವಾರ ಜ್ವರ ಬಂತು. ಆಂಬುಲೆನ್ಸ್ ಕರೆಸುತ್ತೇನೆಂದರೆ, “ಟೀವೀಲಿ ದೊಡ್ಡೋರೇ ಹೇಳಿದಾರಲ್ಲ ಅಕ್ಕಾ, ಸುಮ್ನಿರು” ಎಂದು ಮುಸುಕು ಹೊದ್ದ. ಐದನೇ ದಿನ ಮೂಗಿನಲ್ಲಿ ರಕ್ತ ಬಂದಾಗ ಆಸ್ಪತ್ರೆಗೆ ಹೊತ್ತೊಯ್ದೆವು. ಉಳಿಯಲಿಲ್ಲ.

ಈಗ ‘ರಾಜು ಸಾವಿಗೆ ಯಾರು ಹೊಣೆ?’ ಎಂಬ ಚರ್ಚೆಗೆ ಅದೇ ತಜ್ಞರ ಜೊತೆ ನನ್ನನ್ನೂ ಕರೆದಿದ್ದೀರಿ. ನಾನು ಬರುವುದಿಲ್ಲ. ನಾನು ನೋಡಬೇಕಾದ ಜ್ವರದ ಮನೆಗಳು ಇನ್ನೂ ಆರು ಇವೆ. ಹಳೆಯ ಚರ್ಚೆಯ ವಿಡಿಯೊವನ್ನು ಮಾತ್ರ ದಯವಿಟ್ಟು ತೆಗೆಸಿ. ಅದನ್ನು ಇಲ್ಲಿ ಜನ ಈಗಲೂ ನೋಡುತ್ತಿದ್ದಾರೆ.

ರಾಜುವಿನ ತಾಯಿ ಕನ್ನಮ್ಮ ನಿನ್ನೆ, “ಟೀವೀಲಿ ಹೇಳಿದ್ರಲ್ಲ, ಆ ಡಾಕ್ಟ್ರು ಯಾವ ಆಸ್ಪತ್ರೇಲಿರ್ತಾರೆ? ಒಂದ್ಸಲ ಅವರನ್ನ ಕೇಳ್ಬೇಕಿತ್ತು” ಎಂದರು. ಅವರು ಡಾಕ್ಟರೇ ಅಲ್ಲ, ಚುನಾವಣೆಯ ಭವಿಷ್ಯ ಹೇಳುವವರು ಎನ್ನಲು ಆ ತಾಯಿಯ ಎದುರು ನನಗೆ ನಾಚಿಕೆಯಾಯಿತು.

ಇತಿ,
ಶ್ಯಾಮಲಾ