ಮಾತ್ರೆಗೆ ಬಗ್ಗದ ಬಿಪಿ

ಮಂಗಳವಾರ, ಹದಿನಾಲ್ಕನೇ ತಾರೀಖು.

ಅಣ್ಣನ ಬಿಪಿ ಇವತ್ತೂ ನೂರೆಂಬತ್ತು. ಮೂರು ಥರದ ಮಾತ್ರೆ ನುಂಗಿದರೂ ಇಳಿದಿಲ್ಲ. ಮಾತ್ರೆ ಬಿಸಾಕುತ್ತೀಯ ಎಂದು ಆರು ತಿಂಗಳಿಂದ ಅವನ ಮೇಲೆ ಹರಿಹಾಯುತ್ತಲೇ ಇದ್ದೆ. "ನಿನ್ನಾಣೆ, ಒಂದು ದಿನಾನೂ ತಪ್ಪಿಸಿಲ್ಲ ಕಣೇ" ಅನ್ನುತ್ತಿದ್ದ. ನಾನು ನಂಬಲಿಲ್ಲ.

ಇವತ್ತು ಡಾಕ್ಟರು ನನಗೇ ಹೇಳಿದರು: "ಅವರು ಸುಳ್ಳು ಹೇಳ್ತಿಲ್ಲಮ್ಮ. ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ ಎರಡೂ ಸೇರಿ ಮಾತ್ರೆಗೆ ಕೆಲಸ ಮಾಡೋಕೆ ಬಿಡ್ತಿಲ್ಲ. ತೂಕ ಇಳೀಲೇಬೇಕು. ಬಿಪಿ ಹತೋಟಿಗೆ ಬರೋವರೆಗೂ ಬಸ್ ಓಡಿಸೋದು ಬೇಡ."

ಅಣ್ಣ ನಕ್ಕುಬಿಟ್ಟ. ಮೆಟ್ಟಿಲು ಇಳಿಯುವಾಗ ಮಾತ್ರ ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡ. ತಪ್ಪಾಯಿತು ಅನ್ನಬೇಕಿತ್ತು, "ನಿಧಾನ, ಮೆಟ್ಟಿಲು ನೋಡ್ಕೊಂಡು ಇಳಿ" ಅಂದೆ.

ಬೆಳಿಗ್ಗೆ ಐದಕ್ಕೆ ಹೋಗೇ ಹೋಗ್ತೀನಿ ಅಂತ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು ಮಲಗಿದ್ದಾನೆ.

ಗೋಡೆಯಾಚೆ ಅವನ ಗೊರಕೆ ಈಗಷ್ಟೇ ನಿಂತಿತು. ಮತ್ತೆ ಶುರುವಾಗಲಿ ಅಂತ ಕಾಯುತ್ತಿದ್ದೇನೆ. ಹತ್ತು ಎಣಿಸಿದೆ. ಇಪ್ಪತ್ತು ಎಣಿಸಿದೆ. ಇನ್ನೂ ಶುರುವಾಗಿಲ್ಲ. ಎದ್ದು ಹೋಗಿ ನೋಡುತ್ತೇನೆ.